ಡೇರೆಯ ನಡುವಿನ ಪಟ್ಟಿ

ಕಳೆದ ವಾರ ಸೌದಿಯ ಗಡಿಯೂರು ಖಫ್ಜಿಯಲ್ಲಿ ಮಳೆ ಬಂತು. ಅಂಗಡಿಯ ಮುಂದೆ ಯಾರೋ ಇಳಿಸಿಹೋಗಿದ್ದ ಹಳೆಯ ಡೇರೆ ನೆನೆದು, ಒದ್ದೆ ಆಡುಗೂದಲಿನ ವಾಸನೆ ಒಳಗೆ ಬಂದಾಗ ನನ್ನ ಕೈಯ ಕತ್ತರಿ ನಿಂತುಬಿಟ್ಟಿತು. ನಮ್ಮ ಕಫೀಲ, ಅಂದರೆ ವೀಸಾ ಕೊಟ್ಟ ಅಂಗಡಿ ಯಜಮಾನನ ತಂದೆ ನೆನಪಾದರು…

ಮೂವತ್ತು ವರ್ಷದ ಹಿಂದಿನ ಮಾತು. ಭಟ್ಕಳದಿಂದ ಬಂದು ಡೇರೆ ಹೊಲಿಯುವ ಈ ಅಂಗಡಿಗೆ ಸೇರಿದ್ದೆ. ದಿನಾ ಸಂಜೆಯ ಮುಂಚೆ ಅವರು ಬಂದು, ಏಲಕ್ಕಿ ಹಾಕಿದ ಗಾವಾ ಕಾಫಿ ಕುಡಿಯುತ್ತ ಕೂರುತ್ತಿದ್ದರು. ಎಂಬತ್ತರ ಹತ್ತಿರವಾಗಿದ್ದರೂ ನನ್ನ ಹೊಲಿಗೆಯ ತಪ್ಪು ಹುಡುಕುವುದರಲ್ಲಿ ಕಣ್ಣು ಬಲು ಚುರುಕು. ನನ್ನ ಅರಬ್ಬಿ ಕೇಳಿದರೆ ಒಂಟೆಯೂ ನಗುತ್ತದೆ ಅನ್ನುತ್ತಿದ್ದರು.

ಒಂದು ದಿನ ತಮ್ಮ ಮನೆಯ ಆಡುಗೂದಲಿನ ಕರಿ ಡೇರೆಯನ್ನೇ ತಂದು, ಹರಿದಲ್ಲಿ ಹೊಲಿಗೆ ಹಾಕು ಎಂದರು. ನಡುವಿನ ಒಂದು ಪಟ್ಟಿ ಪೂರ್ತಿ ಜರಡಿಯಾಗಿತ್ತು. ನನಗೋ ಹೇಳಿದ್ದಕ್ಕಿಂತ ಹೆಚ್ಚು ಮಾಡಿ ಭೇಷ್ ಅನ್ನಿಸಿಕೊಳ್ಳುವ ಹುಮ್ಮಸ್ಸು. ಅದನ್ನು ಬಿಚ್ಚಿ ಕಸದ ಲಾರಿಗೆ ಹಾಕಿ, ಹೊಸ ಕ್ಯಾನ್ವಾಸ್ ಕೂರಿಸಿದೆ.

ಮರುದಿನ ಅವರು ಡೇರೆಯ ಮೇಲೆ ಅಂಗೈ ಆಡಿಸುತ್ತ ಬಂದು ನಡುವೆ ನಿಂತರು.

"ಇಲ್ಲಿದ್ದದ್ದು ಎಲ್ಲಿ?"

ಎಸೆದೆ ಎಂದೆ. ಅವರು ಬೈಯಲಿಲ್ಲ, ಅಲ್ಲೇ ಕೂತು ಆ ಪಟ್ಟಿಯ ಕತೆ ಹೇಳಿದರು. ಡೇರೆಯ ಪಟ್ಟಿಗಳನ್ನು ನೇಯುವವರು ಮನೆಯ ಹೆಣ್ಣುಮಕ್ಕಳು ಎಂದು ನನಗೆ ಗೊತ್ತಾದದ್ದು ಆಗಲೇ. ಉಳಿದವೆಲ್ಲ ಕಾಲಕಾಲಕ್ಕೆ ಬದಲಾಗಿದ್ದವು. ಅದೊಂದು ಮಾತ್ರ ಅವರ ಅಕ್ಕ ಮದುವೆಗೆ ಮೊದಲು ನೇಯ್ದದ್ದು. ಅಕ್ಕನನ್ನು ಉತ್ತರದ ಬಾವಿಯ ಕಡೆಯವರಿಗೆ ಕೊಟ್ಟಿದ್ದರು. ಮೊದಲ ಮಹಾಯುದ್ಧ ಮುಗಿದು ಇಲ್ಲಿ ಹೊಸ ರಾಜ್ಯಗಳು ತಲೆಯೆತ್ತಿದಾಗ ಈ ಮರಳಿಗಾಗಿಯೇ ಕಾದಾಟ; ಆಮೇಲೆ ದೊಡ್ಡವರು ನಕ್ಷೆಯ ಮೇಲೆ ಗೆರೆ ಎಳೆದರು. ಬಾವಿ ಕುವೈತಿಗೆ ಹೋಯಿತು, ಅಕ್ಕನೂ. ಒಬ್ಬರ ಒಂಟೆಗಳನ್ನು ಒಬ್ಬರು ದೋಚುತ್ತಿದ್ದ ಕಾಲ, ಹೋಗಿ ನೋಡಿಬರುವಂತಿರಲಿಲ್ಲ. ಎಲ್ಲ ತಣ್ಣಗಾದ ಮೇಲೆ ಹೋದರೆ ಅಕ್ಕ ತೀರಿಕೊಂಡಿದ್ದಳು. ಹೆಸರಿಲ್ಲದ ಗೋರಿ, ಇದೇ ಎಂದು ತೋರಿಸುವವರೂ ಇರಲಿಲ್ಲವಂತೆ…

ಇಬ್ಬರೂ ಹೋಗಿ ಊರಾಚೆಯ ಕಸದ ಗುಡ್ಡೆಯನ್ನೆಲ್ಲ ಕೆದಕಿದೆವು. ಸಿಗಲಿಲ್ಲ.

"ಎಂತ ಮಾರಾಯ, ಹೊಸತು ಹಾಕಿ ಕೊಟ್ಟಿದ್ದಿಯಲ್ಲ, ಮತ್ತೆಂತಕ್ಕೆ ಹೀಗೆ ಕೂತದ್ದು?" ಅಂದ ಜೊತೆಗಿದ್ದ ಉಡುಪಿಯ ಹೊಲಿಗೆಯವನು.

ವಾರ ಕಳೆದು ಅವರು ಡೇರೆಯನ್ನು ಮತ್ತೆ ತಂದರು.

"ಈ ಕ್ಯಾನ್ವಾಸ್ ತೆಗೆದುಬಿಡು ಮಗನೇ. ಆ ಜಾಗಕ್ಕೆ ಏನೂ ಹಾಕಬೇಡ."

ತೆಗೆದೆ. ಎರಡು ಭಾಗವನ್ನೂ ತುದಿಗಳಲ್ಲಿ ಹಗ್ಗದಿಂದ ಬಿಗಿದುಕೊಟ್ಟೆ. ಆ ಚಳಿಗಾಲವೆಲ್ಲ ಅವರು ನಡುವೆ ಆಕಾಶ ಕಾಣುವ ಡೇರೆಯಲ್ಲೇ ಕೂತರು. ಮಳೆ ಬಂದರೂ ಏಳುತ್ತಿರಲಿಲ್ಲ.

ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗ ಅವರ ಮೊಮ್ಮಕ್ಕಳು ಗಡಿಯಲ್ಲಿ ಕಾರ್ಡು ತೋರಿಸಿ, ಕುವೈತಿನಲ್ಲಿ ಊಟ ಮುಗಿಸಿ ಸಂಜೆಗೆ ಮರಳುತ್ತಾರೆ. ನೋಡಿ ಸಂತೋಷಪಡುತ್ತೇನೆ, ಮರುಗಳಿಗೆಗೆ ತಲೆ ತಗ್ಗುತ್ತದೆ. ಆ ಕಾದಾಟ, ಆ ಗೆರೆ ಎಲ್ಲವೂ ಮುಟ್ಟದೆ ಬಿಟ್ಟಿದ್ದ ಅವರ ಅಕ್ಕನ ನೇಯ್ಗೆಯನ್ನು ಕಸಕ್ಕೆ ಹಾಕಿದವನು ನಾನು.