ಪ್ರಾಂಪ್ಟರ್ ಪಾರ್ಟು ಮಾಡಿದ್ದು

ಕಡೂರಿನ ಬಸ್ ಸ್ಟ್ಯಾಂಡ್ ಗೋಡೆಗೆ ಅಂಟಿಸಿದ್ದ ಪೋಸ್ಟರೊಂದು ನನ್ನನ್ನು ಕೆಡಿಸಿತು. ಹತ್ತು ದಿನದ ರಂಗಶಿಬಿರ, ಅನುಭವ ಇದ್ದವರೂ ಬನ್ನಿ, ಇಲ್ಲದವರೂ ಬನ್ನಿ ಎಂದಿತ್ತು. ಇಷ್ಟು ಧಾರಾಳವಾಗಿ ಮದುವೆ ಮನೆಯವರೂ ಕರೆಯುವುದಿಲ್ಲ. ಸಖರಾಯಪಟ್ಟಣದಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ಅರ್ಜಿಯಲ್ಲಿ ‘ರಂಗಾನುಭವ’ ಎಂಬ ಕಾಲಂ ಬಂದಾಗ ಮಾತ್ರ ಪೆನ್ನು ನಿಂತುಬಿಟ್ಟಿತು. ಊರ ನಾಟಕಗಳಲ್ಲಿ ಇಪ್ಪತ್ತೆರಡು ವರ್ಷ ಇದ್ದವನು ನಾನು, ಆದರೆ ಯಾವ ಪ್ರೇಕ್ಷಕನೂ ನನ್ನನ್ನು ನೋಡಿಲ್ಲ. ಸೈಡ್ ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು, ಮಾತು ಮರೆತವರಿಗೆ ಪಿಸುಗುಡುವ ಪ್ರಾಂಪ್ಟರ್ ಆಗಿದ್ದೆ.

ಅಭಿನಯ ನಾಲ್ಕು ಬಗೆ ಎನ್ನುತ್ತದೆ ಶಾಸ್ತ್ರ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಸೊಳ್ಳೆ ಕಚ್ಚಿಸಿಕೊಳ್ಳುತ್ತಾ ಇನ್ನೊಬ್ಬರ ಬಾಯಲ್ಲಿ ಮಾತಾಡುವ ಐದನೆಯ ಬಗೆ ಶಾಸ್ತ್ರಕಾರರಿಗೆ ಯಾಕೋ ಹೊಳೆಯಲಿಲ್ಲ. ಎಲ್ಲರ ಪಾರ್ಟೂ ನನಗೆ ಬಾಯಿಪಾಠ. ಚಪ್ಪಾಳೆ ಮಾತ್ರ ಅವರದು. ಬೇಜಾರಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದೇ ಒಂದು ಮಾತು ನನ್ನದೇ ಬಾಯಿಂದ ಜನಕ್ಕೆ ಕೇಳಬೇಕೆಂಬ ಆಸೆ ಅರವತ್ತು ಹತ್ತಿರ ಬಂದರೂ ಹೋಗಿರಲಿಲ್ಲ.

ಶಿಬಿರ ನಡೆಸುವವರು ತರೀಕೆರೆಯ ಕವಿತಾ ಮೇಡಂ, ನನ್ನ ಮಗಳ ವಯಸ್ಸಿನವರು. ಅಜ್ಜಂಪುರದಿಂದ ಒಬ್ಬ ಟೈಲರಮ್ಮ ಬಂದಿದ್ದರು, ಕಾಲೇಜಿನ ಹುಡುಗಿಯರಿದ್ದರು. ಜೊತೆಗೆ ಯಗಟಿಯ ರುದ್ರಣ್ಣ! ನಮ್ಮ ನಾಟಕಗಳ ಕಾಯಂ ರಾಜಪಾರ್ಟು. ಅಷ್ಟೂ ವರ್ಷ ನನ್ನ ಪಿಸುಮಾತಿನ ಮೇಲೆಯೇ ರಾಜ್ಯ ಆಳಿದವನು.

ಮೇಡಂ ಬಸ್ಸಿಗೆ ಕಾಯುವವರ ಒಂದು ಪುಟ್ಟ ನಾಟಕ ಕಟ್ಟಿದರು. ಕಂಡಕ್ಟರ್ ಪಾರ್ಟಿನ ರುದ್ರಣ್ಣ ಎಲ್ಲರನ್ನೂ ಹತ್ತಿಸಿಕೊಂಡು ‘ರೈಟ್’ ಅನ್ನುವಾಗ, ಮೂಲೆಯಲ್ಲಿ ಕೂತ ಮುದುಕ ಎದ್ದು “ನಾನೂ ಇದೀನಿ ಕಣ್ರಪ್ಪಾ” ಎನ್ನಬೇಕು. ಆ ಮುದುಕ ನಾನು. ನನ್ನ ಮಾತು ಅಷ್ಟೇ.

ಮೊದಲ ದಿನ ನನ್ನ ಸರದಿ ಬಂದಾಗ ಕತ್ತು ತಾನಾಗಿ ಬಗ್ಗಿತು, ಕೈ ಬಾಯಿಗೆ ಅಡ್ಡ ಹೋಯಿತು, ಮಾತು ಪಿಸುಮಾತಾಗಿ ಬಂತು. ಪಕ್ಕದಲ್ಲಿದ್ದ ರುದ್ರಣ್ಣ ಅದನ್ನು ಕೇಳಿದ್ದೇ ತಡ, ಎದೆ ಸೆಟೆಸಿ, ಸಿಂಹಾಸನದ ಗತ್ತಿನಲ್ಲಿ ನನ್ನ ಮಾತನ್ನು ತಾನೇ ಗುಡುಗಿಬಿಟ್ಟ. ಕಂಡಕ್ಟರೇ ತಾನೂ ಇದ್ದೇನೆ ಎಂದರೆ ಬಸ್ಸು ಹೊರಡುವುದು ಹೇಗೆ? ಎಲ್ಲರೂ ನಕ್ಕರು. ಅವನೇನು ತಮಾಷೆಗೆ ಮಾಡಿದ್ದಲ್ಲ. ನನ್ನ ಪಿಸುಮಾತು ಕಿವಿಗೆ ಬಿದ್ದರೆ ಅವನ ಬಾಯಿಂದ ಹೊರಡಲೇಬೇಕು, ಅಭ್ಯಾಸಬಲ. ಮರುದಿನವೂ ಹಾಗೇ ಆಯಿತು, ಏಳನೆಯ ದಿನವೂ ಹಾಗೇ. ಈ ಮಾತನ್ನು ಬೇರೆಯವರಿಗೆ ಕೊಡಲಾ ಸಾರ್ ಎಂದು ಮೇಡಂ ಮೆಲ್ಲಗೆ ಕೇಳಿದರು. ನನಗೆ ಅಳು ಬಂದಂತಾಯಿತು. ಅಷ್ಟರಲ್ಲಿ ರುದ್ರಣ್ಣ ಅಡ್ಡ ಬಂದ.

“ಇಷ್ಟ್ ವರ್ಷ ಇವನ ಮಾತು ತಿಂದವ್ನು ನಾನು ಕಣಮ್ಮ. ಇದೊಂದು ಇವನಿಗೇ ಬಿಡು.”

ಮೇಡಂ ಬಿಟ್ಟರು. ಪ್ರದರ್ಶನದ ದಿನ ಶಿಬಿರ ನಡೆದ ಶಾಲೆಯ ಹಾಲ್‌ನಲ್ಲಿ ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ಕೂತಿದ್ದಳು. ನನ್ನ ಸರದಿ ಬಂತು. ಎದ್ದೆ. ಊರವರ ಮಾತೆಲ್ಲ ನೆನಪಿಟ್ಟ ತಲೆಯಲ್ಲಿ ನನ್ನದೇ ಮೂರು ಪದ ಇರಲಿಲ್ಲ. ಗಾಬರಿಯಿಂದ ಸೈಡ್ ವಿಂಗಿನ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಆಗ ರುದ್ರಣ್ಣ ಕತ್ತು ಬಗ್ಗಿಸಿದ, ಥೇಟ್ ನನ್ನ ಹಾಗೆಯೇ ಬಾಯಿಗೆ ಕೈ ಅಡ್ಡ ಹಿಡಿದ, ಪಿಸುಗುಟ್ಟಿದ. ಜನ್ಮದಲ್ಲಿ ಪಿಸುಗುಟ್ಟಿ ಗೊತ್ತಿಲ್ಲದ ಗಂಟಲು ಅದು, ಗೇಟಿನ ಹೊರಗಿದ್ದ ಎಳನೀರಿನವನಿಗೂ ಕೇಳಿಸಿರಬೇಕು. ಹಾಲ್ ಘೊಳ್ಳೆಂದಿತು. ಆ ನಗುವಿನ ನಡುವೆ ನಾನು ಬಾಯಿಗೆ ಅಡ್ಡ ಹೋಗಿದ್ದ ಕೈ ಕೆಳಗಿಳಿಸಿ, ನೆಟ್ಟಗೆ ನಿಂತು, ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದೆ, ನನ್ನ ಮಾತು ಕೇಳಿಸಿತಾ ಎಂದು. “ಚೆನ್ನಾಗಿ ಕೇಳುಸ್ತು ಕಣ್ರೀ,” ಎಂದಳು, “ಎರಡು ಸಲಾನೂ.”

ಇನ್ನೊಂದು ಶಿಬಿರ ಬಂದರೆ ಆ ‘ರಂಗಾನುಭವ’ದ ಕಾಲಂನಲ್ಲಿ ಬರೆಯಲು ಈಗ ನನ್ನ ಹತ್ತಿರ ಮೂರು ಪದ ಇವೆ. ಪ್ರಾಂಪ್ಟು ಕೊಟ್ಟವರ ಹೆಸರಿಗೂ ಒಂದು ಕಾಲಂ ಇಟ್ಟಿದ್ದರೆ ಅದನ್ನೇ ಮೊದಲು ತುಂಬುತ್ತೇನೆ.