ಅಳಿಯನಿಗೆ ಇಷ್ಟವಾದ ಮೀನು

ಮೀನು ಹಿಡಿಯುವುದರಲ್ಲಿ ನನ್ನ ಅನುಭವವೆಲ್ಲ ಗವಿಪುರದ್ದು. ಚಿಕ್ಕಂದಿನಲ್ಲಿ ಕೆಂಪಾಂಬುಧಿ ಕೆರೆಯಲ್ಲಿ ಟವೆಲ್ ಬೀಸಿ ಬೆರಳುದ್ದದ ಮರಿಗಳನ್ನು ಹಿಡಿದು ಗಾಜಿನ ಬಾಟಲಿಗೆ ಹಾಕುತ್ತಿದ್ದೆ. ಸಂಜೆಯೊಳಗೆ ಅವು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಎರಡು ಸಾವಿರದ ಇಸವಿ ಕಳೆದ ಮೇಲೆ ಮದುವೆಯಾಗಿ, ಮಲ್ಪೆಯ ಮಾವನ ಮನೆಗೆ ಮೊದಲ ಸಲ ಹೋದಾಗ ಈ ಸಾಧನೆಯನ್ನೇ ಉಪ್ಪು ಖಾರ ಹಚ್ಚಿ ಹೇಳಿಬಿಟ್ಟೆ. ಮೇಷ್ಟರಾಗಿ ನಿವೃತ್ತರಾಗಿದ್ದ ಮಾವ ಖುಷಿಯಾಗಿ ಮರುದಿನಕ್ಕೇ ದೋಣಿ ಗೊತ್ತುಮಾಡಿದರು. ಹೆಂಡತಿ ನನ್ನನ್ನು ಒಳಗೆ ಕರೆದು, ಈಜು ಬರುತ್ತದೆಯೇ ಎಂದಷ್ಟೇ ಕೇಳಿದಳು. ನಾನು ಅದನ್ನು ಯೋಚಿಸಿರಲಿಲ್ಲ.

ಸಮುದ್ರದಲ್ಲಿ, ನೀರಿನಡಿ ಬಂಡೆಗಳಿದ್ದ ಕಡೆ ದೋಣಿ ನಿಲ್ಲಿಸಿದರು. ಸಿಗಡಿ ಚೂರು ಸಿಕ್ಕಿಸಿ ಗಾಳ ಬಿಟ್ಟೆ. ದಾರ ಒಂಚೂರು ಅಲುಗುವುದು, ಎಳೆದು ನೋಡಿದರೆ ಕೊಕ್ಕೆ ಬರಿದು. ಇಲ್ಲಿನ ಮೀನುಗಳ ಬಾಯಿ ಸಣ್ಣದು, ಹಲ್ಲು ಗಟ್ಟಿ ಎಂದು ಮಾವ ಚಿಕ್ಕ ಕೊಕ್ಕೆ ಕಟ್ಟಿಕೊಟ್ಟರು. ನಡುವೆ ನಾನು ವಾಂತಿ ಮಾಡಿಕೊಂಡೆ. ತಂದ ಸಿಗಡಿ ಮುಗಿಯುತ್ತ ಬಂದಾಗ ಒಂದು ಮೀನು ಕಚ್ಚಿತು, ಕಚ್ಚಿದ್ದೇ ಬಂಡೆಯ ಸಂದಿಗೆ ನುಗ್ಗಿ ಬೆನ್ನಿನ ಮುಳ್ಳು ನಿಗುರಿಸಿಕೊಂಡು ಕೂತುಬಿಟ್ಟಿತು. ಎಷ್ಟು ಎಳೆದರೂ ಬರಲೊಲ್ಲದು. ದಾರ ಸಡಿಲ ಬಿಟ್ಟು ಕಾದು, ಅದು ಹೊರಬಂದಾಗ ಎಳೆದುಕೊಂಡೆವು. ಕಪ್ಪು ನೀಲಿ ಮೈ, ಎಲೆಅಡಿಕೆ ಜಗಿದವರ ಹಾಗೆ ಕೆಂಪು ಹಲ್ಲು. ಟ್ರಿಗರ್ ಫಿಶ್. ಅಲ್ಲಿಯವರು ಕಾರ್ಗಿಲ್ ಎನ್ನುತ್ತಿದ್ದರು. ಬಲೆಗೆ ಬಿದ್ದರೂ ಅದನ್ನು ಯಾರೂ ಅಡುಗೆಮನೆಗೆ ಒಯ್ಯುತ್ತಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಹೊಸ ಅಳಿಯ ಹಿಡಿದ ಮೀನನ್ನು ಎಸೆಯುವುದುಂಟೆ? ಚಪ್ಪಲಿಯಷ್ಟು ದಪ್ಪದ ಚರ್ಮವನ್ನು ಅತ್ತೆ ಒದ್ದಾಡಿ ಸುಲಿದರು. ಉಳಿದವರಿಗೆಲ್ಲ ದುಬಾರಿ ಅಂಜಲ್ ಮೀನಿನ ಫ್ರೈ, ನನಗೆ ತೆಂಗಿನಕಾಯಿ ಅರೆದು ಮಾಡಿದ ಕಾರ್ಗಿಲ್ ಗಸಿ. ಮಸಾಲೆಗೆ ರುಚಿಯಿತ್ತು, ಮೀನಿಗಿರಲಿಲ್ಲ. ಮನೆಮಂದಿಯೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಎಲ್ಲ ಮೀನಿಗಿಂತ ನನಗೆ ಇದೇ ಇಷ್ಟವಾಯಿತು ಎಂದುಬಿಟ್ಟೆ.

ಅಲ್ಲಿಗೆ ನನ್ನ ಹಣೆಬರಹ ತೀರ್ಮಾನವಾಯಿತು. ಆಮೇಲೆ ಹೋದಾಗಲೆಲ್ಲ ಅಂಜಲಿನ ಪರಿಮಳ ನನಗೆ, ತುಂಡು ಭಾವಮೈದುನನಿಗೆ. ನಿಜ ಹೇಳಿಬಿಡಬೇಕೆಂದು ಪ್ರತಿಸಲ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ತಟ್ಟೆಯ ಮುಂದೆ ಕೂತರೆ ಬಾಯಿ ಬರುತ್ತಿರಲಿಲ್ಲ. ಹೆಂಡತಿಗೆ ಮಾತ್ರ ಗೊತ್ತಿತ್ತು; ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಮಗಳ ಮೊದಲ ಹುಟ್ಟುಹಬ್ಬಕ್ಕೆ ಮಾವ ಗವಿಪುರಕ್ಕೆ ಬಂದರು. ಬೆಳಿಗ್ಗೆ ಆಟೋ ಇಳಿದಾಗ ಕೈಯಲ್ಲಿ ಥರ್ಮೋಕೋಲ್ ಡಬ್ಬ, ಅದರಿಂದ ಐಸ್ ನೀರು ತೊಟ್ಟಿಕ್ಕುತ್ತಿತ್ತು. ಅಷ್ಟು ದೂರದಿಂದ ಹೊತ್ತು ತಂದಿದ್ದಾರೆಂದರೆ ಅಂಜಲೇ ಇರಬೇಕು. ನನಗೆ ಬಾಯಲ್ಲಿ ನೀರೂರಿತು. ಮುಚ್ಚಳ ತೆಗೆದರೆ ಕಾರ್ಗಿಲ್‌ಗಳು ಕೆಂಪು ಹಲ್ಲು ಕಿಸಿದು ಮಲಗಿದ್ದವು. ಇವತ್ತು ಹೇಳದಿದ್ದರೆ ಇನ್ನು ಹೇಳಿದ ಹಾಗೇ ಎಂದು ತಲೆಯೆತ್ತಿದೆ. ಮಾವನ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕೇಳಿದೆ.

"ಕೊಕ್ಕೆ ಬಿಡಿಸುವಾಗ ಕಚ್ಚಿತು ಮಾರಾಯ್ರೆ. ಮಾರ್ಕೆಟಲ್ಲಿ ಇದನ್ನು ಯಾರೂ ಮಾರೋದಿಲ್ಲ ಅಲ್ವಾ. ನೀವು ಬರ್ತೀರಿ ಅಂದ್ರೆ ನಾನೇ ಹೋಗಿ ಹಿಡಿಯೋದು."

ಅಷ್ಟು ವರ್ಷ ನನ್ನ ತಟ್ಟೆಗೆ ಬಿದ್ದದ್ದೆಲ್ಲ ಈ ವಯಸ್ಸಿನಲ್ಲಿ ಅವರು ಬಿಸಿಲಲ್ಲಿ ಕೂತು ಹಿಡಿದದ್ದು. ನನ್ನನ್ನು ಇಷ್ಟು ಪ್ರೀತಿಸುವವರು ಆ ಮನೆಯಲ್ಲಿದ್ದಾರೆಂದು ಅಂದುಕೊಂಡಿರಲಿಲ್ಲ.

ಮಧ್ಯಾಹ್ನ ಹೆಂಡತಿ ಗಸಿ ಬಡಿಸಲು ಬಂದಾಗ, ಮೊದಲು ಮಾವನಿಗೆ ಹಾಕು ಎಂದೆ. ಅವರು ತಟ್ಟೆಗೆ ಕೈ ಅಡ್ಡ ಹಿಡಿದರು.

"ನನಗೆ ಅದು ಸೇರೋದಿಲ್ಲ. ನೀವು ತಿನ್ನಿ" ಎಂದು ಸಾರನ್ನ ಕಲಸಿಕೊಂಡರು.

ನಾನು ಇನ್ನೊಂದು ತುಂಡು ಹಾಕಿಸಿಕೊಂಡೆ.