ಹಿತ್ತಿಲಲ್ಲಿ ಎದ್ದ ಬಿಳಿ ಅಣಬೆ

ಮೊದಲ ವಾಂತಿ ಆದಾಗ ನನ್ನ ಹೆಂಡತಿ ಜಯಮ್ಮ ಅಣಬೆ ಸಾರು ಉಂಡು ಎರಡು ಗಂಟೆಯೂ ಆಗಿರಲಿಲ್ಲ. ನಾನು ಉಂಡಿರಲಿಲ್ಲ. ಮಾಕವಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬಂದು, ನನಗೆ ಕಾಯದೆ ಉಂಡಳಲ್ಲ ಎಂದು ಮುಖ ಊದಿಸಿಕೊಂಡು ಕೈಕಾಲು ತೊಳೆಯುತ್ತಿದ್ದೆ.

ಅಣಬೆ ಕಿತ್ತವನು ನಾನೇ.

ಅಣಬೆ ಗುರುತಿಸುವ ಹುಚ್ಚು ಹತ್ತಿದ್ದು ಈ ವರ್ಷವಷ್ಟೇ. ಹುತ್ತದ ಅಣಬೆ ಒಳ್ಳೆಯದು ಎಂಬುದೊಂದೇ ನನ್ನ ವಿದ್ಯೆ. ಬೇಸಿಗೆಯಲ್ಲಿ ಹೊಲದ ಹಾಳು ಹುತ್ತ ಅಗೆಸಿ, ಮಣ್ಣನ್ನು ಹಿತ್ತಿಲಿಗೆ ಹರಡಿಸಿದ್ದೆ. ಮಳೆ ಬಿದ್ದ ಮೇಲೆ ಅಲ್ಲಿ ಅಂಗೈ ಅಗಲದ ಬಿಳಿ ಅಣಬೆಗಳೆದ್ದವು. ಹುತ್ತದ ಮಣ್ಣಲ್ಲಿ ಎದ್ದದ್ದು ಹುತ್ತದ ಅಣಬೆಯಲ್ಲದೆ ಇನ್ನೇನು ಎಂದುಕೊಂಡೆ. ಕೆಲಸಕ್ಕೆ ಹೊರಡುವ ಮುಂಚೆ ಮೊರದ ತುಂಬ ಕಿತ್ತು ಅವಳ ಮುಂದಿಟ್ಟಿದ್ದೆ.

ಸಂಜೆಗೆ ಭೇದಿಯಲ್ಲಿ ರಕ್ತ.

ಪಕ್ಕದ ಮನೆಯವರ ಟೆಂಪೋದಲ್ಲಿ ಕೆ.ಆರ್. ಪೇಟೆಯ ಆಸ್ಪತ್ರೆಗೆ ಸಾಗಿಸಿದೆವು. ಬಿಪಿ ಸಿಗುತ್ತಿಲ್ಲ ಎಂದರು. ಎರಡೂ ಕೈಗೆ ಡ್ರಿಪ್ ಹಾಕಿದರು. ಅಣಬೆ ಉಳಿದಿದ್ದರೆ ತನ್ನಿ ಎಂದು ಡಾಕ್ಟರು ಹೇಳಿದ್ದಕ್ಕೆ ಅದೇ ಟೆಂಪೋದಲ್ಲಿ ಮನೆಗೆ ಬಂದೆ. ಬೆಳಿಗ್ಗೆ ಹಾಲಿನಂತಿದ್ದ ಅಣಬೆಗಳ ಅಡಿಭಾಗ ಮೊರದಲ್ಲೇ ಹಸಿರಿಗೆ ತಿರುಗಿತ್ತು. ಮೊರದ ಸಮೇತ ಮತ್ತೆ ಟೆಂಪೋ ಹತ್ತಿದೆ.

ಡಾಕ್ಟರು ಅದನ್ನು ತಿರುಗಿಸಿ ನೋಡಿದರು. "ಇದಕ್ಕೆ ಅಂತ ಔಷಧಿ ಇಲ್ಲ. ಯೂರಿನ್ ಬಂದ್ರೆ ಕಿಡ್ನಿ ಉಳೀತು ಅನ್ಕೊಳ್ಳಿ."

ಬರಲಿಲ್ಲ.

ಮರುದಿನ ಮಧ್ಯಾಹ್ನದವರೆಗೂ ಮಂಚಕ್ಕೆ ಕಟ್ಟಿದ್ದ ಮೂತ್ರದ ಖಾಲಿ ಚೀಲವನ್ನೇ ನೋಡುತ್ತ ನೆಲದ ಮೇಲೆ ಕೂತಿದ್ದೆ. ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ತಿಳಿಸಿದ ಮೇಲೆ ಕ್ಯಾತನಹಳ್ಳಿಯಿಂದ ಅವಳ ಅಣ್ಣ ಬಂದ. ನನ್ನನ್ನು ಒಮ್ಮೆ ನೋಡಿ, ತಂಗಿಯ ಮಂಚದ ಆಚೆ ಬದಿಗೆ ಹೋಗಿ ಕೂತ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮೂರು ಗಂಟೆಯ ಹೊತ್ತಿಗೆ ಕೊಳವೆಯಲ್ಲಿ ಕಡು ಹಳದಿಯ ನಾಲ್ಕು ಹನಿ ಇಳಿದವು. ವಾರ್ಡಿನವರೆಲ್ಲರ ಎದುರಿಗೆ ಗೊಳೋ ಎಂದು ಅತ್ತೆ.

ಅವಳಿಗೆ ಮಾತು ಬಂದ ಮೇಲೆ, ನನಗೆ ಕಾಯದೆ ಯಾಕೆ ಉಂಡೆ ಎಂದು ಕೇಳಿದೆ.

"ತೊಳೆಯೋವಾಗ್ಲೇ ಅನ್ಮಾನ ಬಂತು. ಹುತ್ತದ್ದಾದ್ರೆ ಉದ್ದುಕ್ ಬೇರ್ ಇರ್ತದೆ, ಇದ್ಕೆ ಇರ್ನಿಲ್ಲ."

"ಚೆಲ್ಬುಡದಲ್ವಾ?"

"ಓದ್ಸಲ ನೀವ್ ತಂದಿದ್ ಅಣಬೆ ಚೆಲ್ದಾಗ ಎಂಟ್ ದಿನ ಮಾತ್ ಬುಟ್ಟಿದ್ರಿ. ಅದ್ಕೆ ನೀವ್ ಉಣ್ಣಕ್ ಮುಂಚೆ ನಾನೇ ತಿಂದ್ ನೋಡಾನ ಅಂತ."



ಈಗ ಮನೆಯಲ್ಲಿದ್ದಾಳೆ. ಗೋಡೆ ಹಿಡಿದು ನಡೆಯುತ್ತಾಳೆ. ಕಿಡ್ನಿ ಪೂರ್ತಿ ಸರಿಹೋಗಿದೆಯೋ ಇಲ್ಲವೋ, ಇನ್ನೊಂದು ಟೆಸ್ಟ್ ಆಗಬೇಕು. ನಿನ್ನೆ ನಾನು ಮಾಡಿಕೊಟ್ಟ ಗಂಜಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಬಟ್ಟಲನ್ನು ಪಕ್ಕಕ್ಕೆ ತಳ್ಳಿದಳು. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನ್ನ ಮುಖ ನೋಡಿ ಬೇಡ ಎಂದದ್ದು ಅದೇ ಮೊದಲು.

ಹೋಗಿ ಮತ್ತೆ ಒಲೆ ಹಚ್ಚಿದೆ.